ಏರಿನಲ್ಲಿ ಇಳಿದು ತಳ್ಳುವವರ ಪರವಾಗಿ

"ಮಲೆನಾಡಿಗೆ ಸೈಕಲ್ ಹೇಳಿಸಿದ್ದಲ್ಲ" ಎಂಬ ಮಾತನ್ನು ನಮ್ಮ ಊರುಗಳಲ್ಲಿ ಈಗ ಯಾರೂ ಒಂದು ವಾದವೆಂದು ಮಂಡಿಸುವುದಿಲ್ಲ. ಆಷಾಢದಲ್ಲಿ ಮಳೆ ಬರುತ್ತದೆ ಎಂಬಷ್ಟು ಸಹಜವಾದ ಸಂಗತಿಯೆಂದು ಹೇಳಿ ಮುಗಿಸಿಬಿಡುತ್ತಾರೆ. ಬೈಕಿನ ಸಾಲದ ಕಂತು ಕಟ್ಟುತ್ತಿರುವವರು ಹೀಗೆ ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇತ್ತೀಚೆಗೆ ಇನ್ನೊಂದು ದನಿ ಇದಕ್ಕೆ ಸೇರಿಕೊಂಡಿದೆ. ಸೈಕಲ್ಲೇನೋ ಬೇಕು, ಆದರೆ ಗುಡ್ಡಕ್ಕೆ ಇಪ್ಪತ್ತೊಂದು ಗಿಯರಿನದೇ ಆಗಬೇಕು. ಒಂದೇ ಗಿಯರಿನ ಹಳೆಯ ಕಬ್ಬಿಣದ ಸೈಕಲ್ ಬಯಲುಸೀಮೆಯ ಹಾಲು ಹಾಕುವವರಿಗೆ ಸರಿ ಎನ್ನುವವರ ದನಿ ಅದು. ಇದು ಮೊದಲಿನದಕ್ಕಿಂತ ಹೆಚ್ಚು ಹಾನಿಕರ, ಏಕೆಂದರೆ ಪರಿಸರದ ಪರವಾದ ಮಾತಿನಂತೆ ಕೇಳಿಸುತ್ತದೆ. ಕಾಲೇಜಿಗೆ ಹೋಗುವ ಹುಡುಗ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಅಜ್ಜನ ಸೈಕಲ್ಲನ್ನು ಗುಜರಿಗೆ ಹಾಕಿ, ಅಂಗಡಿಯ ಗಾಜಿನ ಹಿಂದಿರುವ ಬಣ್ಣದ ಸೈಕಲ್ಲಿಗೆ ಆಸೆಪಟ್ಟು, ಅದು ಕೈಗೆಟುಕದೆ ಕೊನೆಗೆ ಬೈಕಿಗೆ ಸಾಲ ಮಾಡುವುದು ಈ ಮಾತಿನ ಫಲವೇ ಆಗಿದೆ.

ಆದ್ದರಿಂದ ಒಂದೇ ಗಿಯರಿನ ಸೈಕಲ್ಲಿನ ಪರವಾಗಿ, ಅದೂ ಗುಡ್ಡದ ನಾಡಿನಲ್ಲಿ ನಿಂತು, ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಬೇಕಾಗಿದೆ.

ಮೊದಲು ಲೆಕ್ಕ. ಪೆಡಲಿನ ಬಳಿಯ ದೊಡ್ಡ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇರುವ ಒಂದು ಸೈಕಲ್ಲನ್ನು ತೆಗೆದುಕೊಳ್ಳೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಗಾಲಿ 28 ಇಂಚಿನದಾದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಒಂದೇ ಗಿಯರ್ ಎಂದರೆ ಇಷ್ಟೇ: ಏರಿರಲಿ, ಇಳಿಜಾರಿರಲಿ, ಸಮತಟ್ಟಿರಲಿ, ಒಂದು ಸುತ್ತಿಗೆ ಐದೂವರೆ ಮೀಟರ್. ಸಮತಟ್ಟಾದ ದಾರಿಯಲ್ಲಿ ಇದು ಸುಖವಾದ ಅಳತೆ. ಏರಿನಲ್ಲಿ ಅದೇ ಅಳತೆ ತೊಡೆಯನ್ನು ಹಿಂಡುತ್ತದೆ. ಗಿಯರಿನವರ ವಾದವೆಲ್ಲ ನಿಂತಿರುವುದು ಇಲ್ಲಿ.

ಆದರೆ ಗಿಯರು ಶಕ್ತಿಯನ್ನು ಹುಟ್ಟಿಸುವುದಿಲ್ಲ ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ. ಸವಾರನೂ ಸೈಕಲ್ಲೂ ಕೂಡಿ 80 ಕಿಲೋಗ್ರಾಂ ತೂಗುತ್ತಾರೆ ಎಂದಿಟ್ಟುಕೊಳ್ಳಿ. ಈ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಬೇಕಾದರೆ ಆಗಬೇಕಾದ ಕೆಲಸ ಭೌತಶಾಸ್ತ್ರದ ಪ್ರಕಾರ ನಿಗದಿಯಾದದ್ದು. ಗಿಯರ್ ಒಂದಿರಲಿ ಇಪ್ಪತ್ತೊಂದಿರಲಿ ಅದು ಬದಲಾಗದು. ಹದವಾಗಿ ತುಳಿಯುವ ಒಬ್ಬ ವ್ಯಕ್ತಿ 100 ವಾಟ್‌ನಷ್ಟು ಶಕ್ತಿಯನ್ನು ಹಾಕಿದರೆ ಈ ಕೆಲಸಕ್ಕೆ 13 ನಿಮಿಷ ಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಯಲ್ಲಿ ಈ ಎತ್ತರ ಒಂದು ಕಿಲೋಮೀಟರಿನಲ್ಲಿ ಸಿಗುತ್ತದೆ. ಒಂದು ಕಿಲೋಮೀಟರಿಗೆ 13 ನಿಮಿಷ, ಅಂದರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರ್. ಇದು ಮನುಷ್ಯ ನಡೆಯುವ ವೇಗ! ಹನ್ನೆರಡು ಸಾವಿರವನ್ನೋ ಇಪ್ಪತ್ತು ಸಾವಿರವನ್ನೋ ಕೊಟ್ಟು ತಂದ ಗಿಯರ್ ಸೈಕಲ್ಲಿನ ಸವಾರ ಅತಿ ಚಿಕ್ಕ ಗಿಯರಿಗೆ ಇಳಿದು, ಕಾಲನ್ನು ಗಿರಗಿರನೆ ತಿರುಗಿಸುತ್ತ ಈ ಏರನ್ನು ಹತ್ತುತ್ತಾನೆ. ಒಂದೇ ಗಿಯರಿನವನು ಇಳಿದು, ಹ್ಯಾಂಡಲ್ ಹಿಡಿದು ತಳ್ಳುತ್ತ ಹೋಗುತ್ತಾನೆ. ಇಬ್ಬರೂ ಮೇಲಿನ ತಿರುವನ್ನು ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತಾರೆ.

ಗಿಯರಿಗೆ ನಿಜವಾದ ಉಪಯೋಗವಿರುವುದು ನಡುವಿನ ಏರುಗಳಲ್ಲಿ, ಇಪ್ಪತ್ತಕ್ಕೆ ಒಂದರಂತೆ ಏರುವ ಉದ್ದನೆಯ ದಾರಿಗಳಲ್ಲಿ. ಅಲ್ಲಿ ಅದೇ ಶಕ್ತಿಗೆ ಗಂಟೆಗೆ ಒಂಬತ್ತು ಕಿಲೋಮೀಟರ್ ವೇಗ ಸಿಗುತ್ತದೆ. ಆ ವೇಗಕ್ಕೆ ಐದೂವರೆ ಮೀಟರಿನ ಗಿಯರಿನಲ್ಲಿ ನಿಮಿಷಕ್ಕೆ 27 ಸುತ್ತು ಮಾತ್ರ ತುಳಿಯಬೇಕಾಗುತ್ತದೆ. ಅಂದರೆ ಪ್ರತಿ ಸುತ್ತಿನಲ್ಲೂ ದೇಹದ ಭಾರವನ್ನೆಲ್ಲ ಪೆಡಲಿನ ಮೇಲೆ ಹೇರಬೇಕು. ಇದು ಮೊಣಕಾಲಿಗೆ ಹಿತವಲ್ಲ, ನಿಜ. ಆದರೆ ಇದಕ್ಕೆ ಪರಿಹಾರವಾಗಿ ಇಪ್ಪತ್ತೊಂದು ಗಿಯರುಗಳೇನೂ ಬೇಕಾಗಿಲ್ಲ. ಹಿಂದಿನ 18 ಹಲ್ಲಿನ ಫ್ರೀವೀಲನ್ನು ಬಿಚ್ಚಿಸಿ 22 ಹಲ್ಲಿನದನ್ನು ಹಾಕಿಸಿದರೆ ಒಂದು ಸುತ್ತಿಗೆ ನಾಲ್ಕೂವರೆ ಮೀಟರ್ ಆಗುತ್ತದೆ. ಸಮತಟ್ಟಿನಲ್ಲಿ ವೇಗ ಸ್ವಲ್ಪ ತಗ್ಗುತ್ತದೆ, ಏರು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಮಲೆನಾಡಿನಲ್ಲಿ ಸಮತಟ್ಟು ಎಲ್ಲಿದೆ, ನಷ್ಟವಾಗುವುದಕ್ಕೆ?

ಇಳಿದು ತಳ್ಳುವುದನ್ನು ನಾವು ಯಾವಾಗಿನಿಂದ ಅವಮಾನವೆಂದು ಎಣಿಸತೊಡಗಿದೆವೋ ತಿಳಿಯದು. ಈ ಘಟ್ಟಗಳ ಚಳವಳಿ ಹುಟ್ಟಿದ್ದೇ ಕಾಲ್ನಡಿಗೆಯಲ್ಲಿ. 1987–88ರ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯಲ್ಲಿ ಒಂದು ತಂಡ ಉತ್ತರದ ನವಾಪುರದಿಂದಲೂ ಇನ್ನೊಂದು ಕನ್ಯಾಕುಮಾರಿಯಿಂದಲೂ ಹೊರಟು ಗೋವೆಯಲ್ಲಿ ಕೂಡಿದವು. ಆ ನಡಿಗೆಯನ್ನು ಇಂದಿಗೂ ಹೆಮ್ಮೆಯಿಂದ ನೆನೆಯುವವರೇ ಅರ್ಧ ಫರ್ಲಾಂಗಿನ ಏರಿನಲ್ಲಿ ಸೈಕಲ್ ತಳ್ಳುವ ಹುಡುಗಿಯನ್ನು ಕಂಡು "ಪಾಪ" ಎನ್ನುತ್ತಾರೆ. ಪಾಪವೇನೂ ಇಲ್ಲ. ಅವಳ ಪುಸ್ತಕದ ಚೀಲವನ್ನು ಕ್ಯಾರಿಯರ್ ಹೊತ್ತಿದೆ, ಬೆನ್ನು ಹಗುರವಾಗಿದೆ. ಏರು ಮುಗಿದೊಡನೆ ಅವಳಿಗೆ ಇಳಿಜಾರು ಕಾದಿದೆ. ಬರಿಗಾಲಿನಲ್ಲಿ ನಡೆಯುವವರಿಗೆ ಈ ಬಡ್ಡಿ ಸಿಗುವುದಿಲ್ಲ.

ಗಿಯರಿನ ಪಕ್ಷದವರ ಬಳಿ ಇದಕ್ಕಿಂತ ಬಲವಾದ ಇನ್ನೊಂದು ಸಾಕ್ಷಿಯಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಬದಲಾಯಿಸಬಹುದಾದ ಗಿಯರಿಗಾಗಿ ದೊಡ್ಡ ದನಿಯಲ್ಲಿ ವಾದಿಸಿದವರು ಬಯಲಿನವರಲ್ಲ, ಗುಡ್ಡದ ನಾಡಿನವರು. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಊರಿನಲ್ಲಿದ್ದು, ವೆಲೋಸಿಯೋ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ ಜೀವನವಿಡೀ ಇದಕ್ಕಾಗಿ ಹೋರಾಡಿದರು. 1902ರಲ್ಲಿ ಗುಡ್ಡದ ದಾರಿಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗಿಯರಿನ ಸೈಕಲ್ಲನ್ನೇರಿ, ಒಂದೇ ಗಿಯರಿನ ಸೈಕಲ್ಲಿನಲ್ಲಿದ್ದ ಎಡ್ವಾರ್ ಫಿಶರ್ ಎಂಬ ಪಂದ್ಯಗಾರನನ್ನು ಹಿಂದೆ ಹಾಕಿದರು. ಇದನ್ನು ಕಂಡು ಕೆರಳಿದವರು ಮರುವರ್ಷ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್. ಗಿಯರ್ ಬದಲಾಯಿಸುವುದು ಮುದುಕರಿಗೆ, ಅಶಕ್ತರಿಗೆ ಎಂಬುದು ಅವರ ನಿಲುವು. ತಮ್ಮ ಪಂದ್ಯದಲ್ಲಿ ಡಿರೈಲರಿಗೆ, ಅಂದರೆ ಚೈನನ್ನು ಹಲ್ಲಿನ ಚಕ್ರದಿಂದ ಚಕ್ರಕ್ಕೆ ಎತ್ತಿಹಾಕುವ ಸಾಧನಕ್ಕೆ, 1937ರವರೆಗೂ ಪ್ರವೇಶವಿರಲಿಲ್ಲ. 1903ರ ಮೊದಲ ಪಂದ್ಯದ 2,428 ಕಿಲೋಮೀಟರುಗಳನ್ನು ಗೆದ್ದ ಮೋರಿಸ್ ಗಾರಾಂ ತುಳಿದದ್ದು ಒಂದೇ ಗಿಯರನ್ನು.

ಈ ಪತ್ರಿಕೆಯ ಓದುಗರು ಒಂದು ವಿಷಯವನ್ನು ಸ್ಪಷ್ಟವಾಗಿ ಗಮನಿಸಬೇಕು. ನಮ್ಮ ವಾದ ದೆಗ್ರಾಂಜರ ವಾದವಲ್ಲ. ಗಂಡಸುತನದ ಪರೀಕ್ಷೆಗಾಗಿ ಮೊಣಕಾಲು ಸವೆಸಿಕೊಳ್ಳಿ ಎಂದು ಯಾರೂ ಹೇಳಬೇಕಾಗಿಲ್ಲ. ಮಾರ್ತ್ ಹೆಸ್ ಗೆದ್ದದ್ದು ನ್ಯಾಯವಾಗಿಯೇ ಗೆದ್ದದ್ದು. ಪಂದ್ಯದಲ್ಲಿ ಗಿಯರು ಗೆಲ್ಲುತ್ತದೆ. ಆದರೆ ಶಾಲೆಗೆ, ಸೊಸೈಟಿಗೆ, ಹಿಟ್ಟಿನ ಗಿರಣಿಗೆ ಹೋಗುವವರು ಪಂದ್ಯಕ್ಕೆ ಹೊರಟವರಲ್ಲ. ಅವರಿಗೆ ಬೇಕಾದದ್ದು ಇಂದು ಹೋದಂತೆ ನಾಳೆಯೂ, ಮುಂದಿನ ಜುಲೈ ತಿಂಗಳಲ್ಲೂ, ಹತ್ತು ವರ್ಷದ ಮೇಲೆ ತಂಗಿಯ ಕಾಲಿನಲ್ಲೂ ಓಡುವ ಯಂತ್ರ. ಯಂತ್ರ ಕೆಟ್ಟಾಗ ಯಾರ ಬಾಗಿಲಿಗೆ ಹೋಗಬೇಕು ಎಂಬ ಪ್ರಶ್ನೆ ಗಂಟೆಗೆ ಎರಡು ಕಿಲೋಮೀಟರಿನ ವ್ಯತ್ಯಾಸಕ್ಕಿಂತ ದೊಡ್ಡದು.

ಅದೇ ಪಂದ್ಯದ ಇನ್ನೊಂದು ಘಟನೆ ಈ ಪ್ರಶ್ನೆಗೆ ಸಂಬಂಧಿಸಿದೆ. 1913ರಲ್ಲಿ ಯೂಜಿನ್ ಕ್ರಿಸ್ಟೋಫ್ ಎಂಬ ಸವಾರ ಪಿರಿನೀಸ್ ಪರ್ವತಗಳ ತುರ್ಮಲೆ ಕಣಿವೆಯನ್ನು ಇಳಿಯುತ್ತಿರುವಾಗ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಹೊರಗಿನವರ ನೆರವು ಪಡೆಯಬಾರದೆಂಬ ನಿಯಮವಿತ್ತು. ಆತ ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸಾಂತ್ ಮಾರಿ ದ ಕಾಂಪಾಂ ಎಂಬ ಹಳ್ಳಿಗೆ ಬಂದು, ಅಲ್ಲಿಯ ಕಮ್ಮಾರನ ಕುಲುಮೆಯಲ್ಲಿ ತನ್ನ ಕೈಯಿಂದಲೇ ಫೋರ್ಕನ್ನು ಬೆಸೆದು ಮತ್ತೆ ಹೊರಟ. ತಿದಿ ಒತ್ತಿದ ಹುಡುಗನೊಬ್ಬನ ನೆರವು ಪಡೆದನೆಂದು ಅಧಿಕಾರಿಗಳು ಅವನ ಸಮಯಕ್ಕೆ ದಂಡ ಸೇರಿಸಿದರು! ಅಧಿಕಾರಿಗಳು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಒಂದೇ. ಆದರೆ ಆ ಸೈಕಲ್ ಉಕ್ಕಿನದಾಗಿತ್ತು, ಅದರ ಒಳಗೂ ಹೊರಗೂ ಸವಾರನಿಗೆ ಗೊತ್ತಿತ್ತು, ಬೆಟ್ಟದ ಬುಡದ ಹಳ್ಳಿಯ ಕುಲುಮೆ ಅದಕ್ಕೆ ಸಾಕಾಯಿತು. ಇಂದಿನ ದುಬಾರಿ ಸೈಕಲ್ಲಿನ ಇಂಗಾಲದ ನಾರಿನ ಫೋರ್ಕು ಮುರಿದರೆ ಯಾವ ಕುಲುಮೆಯೂ ಅದನ್ನು ಬೆಸೆಯಲಾರದು.

ಸಾದಾ ಸೈಕಲ್ಲಿನಲ್ಲಿ ಮುಚ್ಚಿಟ್ಟದ್ದು ಯಾವುದೂ ಇಲ್ಲ. ಚೈನು ನೇರವಾಗಿ ಓಡುತ್ತದೆ. ಅಗಲವಾದ ಗಟ್ಟಿ ಚೈನು. ಪೂರ್ಣ ಕವರ್ ಇದ್ದರೆ ಕೆಸರು ತಾಗುವುದಿಲ್ಲ, ಸೀರೆ ಲಂಗ ಸಿಕ್ಕುವುದಿಲ್ಲ. ಬೇರಿಂಗಿನ ಗುಂಡುಗಳು ಸವೆದರೆ ಬಿಡಿಬಿಡಿಯಾಗಿ ತಂದು ಗ್ರೀಸು ಮೆತ್ತಿ ಕೂರಿಸಬಹುದು. ಪೆಡಲಿನ ತೋಳು ಅಲುಗಾಡಿದರೆ ಕಾಟರ್ ಪಿನ್ನಿಗೆ ಸುತ್ತಿಗೆಯ ಎರಡು ಏಟು. ಕಡ್ಡಿ ಮುರಿದರೆ ಕಡ್ಡಿ, ಟ್ಯೂಬು ತೂತಾದರೆ ನೀರಿನ ಬೋಗುಣಿ, ತುಂಡು ರಬ್ಬರು, ಸಲ್ಯೂಷನ್. ಇವೆಲ್ಲ ಪೇಟೆಯ ಮೂಲೆಯ ಸೈಕಲ್ ಶಾಪಿನಲ್ಲಿ ಸಿಗುತ್ತವೆ. ಸಿಗದಿದ್ದರೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಭಾನುವಾರ ಕುಳಿತು ಕಲಿಯಬಹುದು. ಇದಕ್ಕೆ ಪ್ರತಿಯಾಗಿ ಅಗ್ಗದ ಗಿಯರ್ ಸೈಕಲ್ಲನ್ನು ನೋಡಿ. ಅದರ ಡಿರೈಲರು ನೆಲಕ್ಕೆ ಗೇಣಿನಷ್ಟು ಮೇಲೆ ಜೋತುಬಿದ್ದಿರುತ್ತದೆ. ನಮ್ಮ ತೋಟದ ದಾರಿಯ ಕಲ್ಲು, ಹುಲ್ಲು, ಜಿಗಟು ಮಣ್ಣು ಎಲ್ಲಕ್ಕೂ ಅದೇ ಮೊದಲ ಬಲಿ. ಒಮ್ಮೆ ಬಡಿದು ಸೊಟ್ಟಗಾದರೆ ಚೈನು ತಾನಾಗಿ ಹಲ್ಲು ಬದಲಿಸತೊಡಗುತ್ತದೆ. ಒಂದು ಮಳೆಗಾಲ ಕಳೆದರೆ ಗಿಯರಿನ ತಂತಿಗಳು ಕೊಳವೆಯೊಳಗೇ ತುಕ್ಕು ಹಿಡಿದು ಬಿಗಿಯುತ್ತವೆ. ಆಮೇಲೆ ಆ ಇಪ್ಪತ್ತೊಂದು ಗಿಯರಿನ ಸೈಕಲ್ ಕೂಡ ಒಂದೇ ಗಿಯರಿನದಾಗಿ ಓಡುತ್ತದೆ; ಆದರೆ ಆ ಒಂದು ಗಿಯರು ಯಾವುದು ಎಂಬುದನ್ನು ಸವಾರ ಆರಿಸಿದ್ದಲ್ಲ, ತುಕ್ಕು ಆರಿಸಿದ್ದು.

ದುಬಾರಿ ಗಿಯರುಗಳು ಹೀಗೆ ಕೆಡುವುದಿಲ್ಲ ಎಂಬುದು ನಿಜವಿರಬಹುದು. ದುಬಾರಿ ಬೆಲೆ ಕೊಡಬಲ್ಲವರಿಗೆ ಈ ಲೇಖನದ ಅಗತ್ಯವೂ ಇಲ್ಲ.

ಈಗ ಬೈಕಿನ ವಿಚಾರ. ಇವಾನ್ ಇಲಿಚ್ 1970ರ ದಶಕದಲ್ಲಿ ಬರೆದ ಶಕ್ತಿ ಮತ್ತು ಸಮಾನತೆ ಕುರಿತ ಪುಸ್ತಕದಲ್ಲಿ ಅಮೆರಿಕದ ಸಾಮಾನ್ಯ ಗಂಡಸೊಬ್ಬ ತನ್ನ ಕಾರಿನಲ್ಲಿ ಕೂರುವುದಕ್ಕೂ, ಅದರ ಕಂತು, ಪೆಟ್ರೋಲು, ವಿಮೆ, ದಂಡಗಳಿಗಾಗಿ ದುಡಿಯುವುದಕ್ಕೂ ವರ್ಷಕ್ಕೆ 1,600 ಗಂಟೆ ಕಳೆಯುತ್ತಾನೆಂದು ಲೆಕ್ಕ ಹಾಕಿದರು. ಅವನು ಕ್ರಮಿಸುವ ದೂರ 7,500 ಮೈಲಿ. ಭಾಗಿಸಿದರೆ ಗಂಟೆಗೆ ಎಂಟು ಕಿಲೋಮೀಟರಿಗೂ ಕಡಿಮೆ. ನಮ್ಮೂರಿನ ಲೆಕ್ಕವನ್ನು ನಾವೇ ಹಾಕಬಹುದು. ಮನೆಯಿಂದ ಕಾಲೇಜಿಗೆ ಎಂಟು ಕಿಲೋಮೀಟರ್, ಹೋಗಿ ಬರುವುದಕ್ಕೆ ಹದಿನಾರು. ವರ್ಷದಲ್ಲಿ 200 ದಿನ. ಒಟ್ಟು 3,200 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿಗೆ 64 ಲೀಟರ್ ಪೆಟ್ರೋಲ್. ಕರ್ನಾಟಕದಲ್ಲಿ ಲೀಟರಿನ ಬೆಲೆ 2021ರಲ್ಲೇ ನೂರು ರೂಪಾಯಿ ದಾಟಿತು. ನೂರರಂತೆಯೇ ಹಿಡಿದರೂ 6,400 ರೂಪಾಯಿ. ಸಾಲದ ಕಂತು, ರಿಪೇರಿ, ವಿಮೆ ಬೇರೆ. ಬರಿಯ ಪೆಟ್ರೋಲಿನ ಈ ಹಣಕ್ಕೆ ಪ್ರತಿವರ್ಷ ಒಂದು ಸಾದಾ ಸೈಕಲ್ ಬರುತ್ತಿತ್ತು. ಅಡಿಕೆಗೆ ಬೆಲೆ ಬಿದ್ದ ವರ್ಷ, ಕೊಳೆ ರೋಗ ಬಂದ ವರ್ಷ ಈ ಕಂತು ಎಲ್ಲಿಂದ ಹುಟ್ಟುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ. ಅಂದ ಹಾಗೆ, ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆಗೆ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 25,000 ರೂಪಾಯಿ ದಂಡವನ್ನೂ ಮೂರು ವರ್ಷದವರೆಗಿನ ಜೈಲನ್ನೂ ಇಟ್ಟಿದೆ. ಆ ತಿದ್ದುಪಡಿ ಜಾರಿಯಾದ ಮೇಲೂ ನಮ್ಮ ಊರುಗಳಲ್ಲಿ ಕೀಲಿ ಕೊಡುವುದು ನಿಂತಿಲ್ಲ.

ವಾಹನಗಳು ಹೆಚ್ಚಿದಂತೆ ರಸ್ತೆ ಅಗಲವಾಗಬೇಕೆಂಬ ಕೂಗು ಏಳುತ್ತದೆ. ರಸ್ತೆ ಅಗಲವಾದಂತೆ ಗುಡ್ಡದ ಪಾದವನ್ನು ಕಡಿಯಬೇಕಾಗುತ್ತದೆ. ಮುಂದಿನದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಕುಸಿದು ಮುಚ್ಚಿದ್ದು, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಚತುಷ್ಪಥ ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆಯ ಮೇಲೂ ಗಂಗಾವಳಿ ನದಿಗೂ ಜಾರಿ ಜೀವಗಳನ್ನು ಕೊಂಡೊಯ್ದದ್ದು ಎಲ್ಲರ ನೆನಪಿನಲ್ಲಿದೆ. ಮಳೆ ಸುರಿಯಿತು, ನಿಜ. ಘಟ್ಟದಲ್ಲಿ ಮಳೆ ಎಂದು ಸುರಿದಿಲ್ಲ? ಸೈಕಲ್ಲಿಗೆ ಬೇಕಾದದ್ದು ಎರಡು ಮೊಳ ದಾರಿ. ಯಾವ ಗುಡ್ಡದ ಬುಡವೂ ಸೈಕಲ್ಲಿಗಾಗಿ ಇದುವರೆಗೆ ಕಡಿಯಲ್ಪಟ್ಟಿಲ್ಲ. ಹೆದ್ದಾರಿ ವಿಸ್ತರಣೆಯನ್ನು ವಿರೋಧಿಸಲು ಸೇರುವ ಸಭೆಗಳ ಹೊರಗೆ ನಿಂತ ಜೀಪುಗಳ ಸಾಲನ್ನು ನೋಡಿ ಎದುರು ಪಕ್ಷದವರು ನಗುತ್ತಾರೆ; ಅವರ ನಗೆಗೆ ಉತ್ತರ ಕೊಡುವ ಹೊಣೆಯೂ ಚಳವಳಿಯ ಮೇಲಿದೆ.

ಸೈಕಲ್ ಯಾರನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನಗಳಿವೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ನಡೆದಾಗ ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅವರು ಅಕ್ಷರದೊಡನೆ ಸೈಕಲ್ಲನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲು ಗಣಿಯ ಕೆಲಸದವರು, ಅಂಗನವಾಡಿಯವರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಹೆಂಗಸರ ಸೈಕಲ್ ಸಾಲದೆ ಹೋದಾಗ ಅಡ್ಡ ಬಾರಿನ ಗಂಡಸರ ಸೈಕಲ್ಲನ್ನೇ ಏರಿದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ದಾಖಲಿಸಿದ್ದಾರೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹುಡುಗಿಯರ ಪ್ರೌಢಶಾಲಾ ದಾಖಲಾತಿ ಅದರಿಂದ ಶೇಕಡ 32ರಷ್ಟು ಏರಿತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ಕುಗ್ಗಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು. ಇದನ್ನು ಸಾಧಿಸಿದ್ದು ಬ್ಯಾಟರಿಯಲ್ಲ, ಇಪ್ಪತ್ತೊಂದು ಗಿಯರೂ ಅಲ್ಲ. ಇವು ಬಯಲಿನ ಜಿಲ್ಲೆಗಳು, ಘಟ್ಟದವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯೇ. ಆದರೆ ದೂರದ ಶಾಲೆ, ಸಂಜೆಯ ನಿರ್ಜನ ದಾರಿ, ಬಾರದ ಬಸ್ಸು ಇವು ಘಟ್ಟದಲ್ಲಿ ಕಡಿಮೆಯೇನಿಲ್ಲವಲ್ಲ.

ನಮ್ಮ ರಾಜ್ಯವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಹಂಚಿಕೆ ನಿಂತಿತು. ಆ ಸೈಕಲ್ಲುಗಳ ಗುಣಮಟ್ಟದ ಬಗೆಗೆ ಎದ್ದ ದೂರುಗಳು ಅನೇಕ. ಅವನ್ನು ಇಲ್ಲಿ ಮತ್ತೆ ಪಟ್ಟಿ ಮಾಡುವುದರಿಂದ ಉಪಯೋಗವಿಲ್ಲ. ಯೋಜನೆಯ ಮಾತು ಮತ್ತೆ ಬಂದಾಗ ಮಲೆನಾಡಿನವರು ಕೇಳಬೇಕಾದದ್ದು ಗಿಯರ್ ಸೈಕಲ್ಲನ್ನಲ್ಲ. ಘಟ್ಟದ ತಾಲ್ಲೂಕುಗಳಿಗೆ ಕೊಡುವ ಸೈಕಲ್ಲಿಗೆ ದೊಡ್ಡ ಹಲ್ಲಿನ ಫ್ರೀವೀಲ್, ಪೂರ್ಣ ಚೈನ್ ಕವರ್, ಒದ್ದೆಯಲ್ಲೂ ಹಿಡಿಯುವ ಬ್ರೇಕು, ಪ್ರತಿ ಪ್ರೌಢಶಾಲೆಗೆ ಒಂದು ಪಂಪು ಮತ್ತು ಒಂದು ಜೊತೆ ಪಾನಾ ಬೇಕು. ಶಾಸಕರ ಬಳಿಗೆ ಹೋಗುವ ಮನವಿಯಲ್ಲಿ ಇಷ್ಟು ವಿವರ ಇರಬೇಕು. "ಸೈಕಲ್ ಕೊಡಿ" ಎಂದರೆ ಟೆಂಡರಿನಲ್ಲಿ ಅಗ್ಗವಾದದ್ದು ಬರುತ್ತದೆ.

ಇತ್ತ ಸೈಕಲ್ ತಯಾರಿಸುವವರ ಸ್ಥಿತಿಯೂ ಗಮನಾರ್ಹ. ಸೋನಿಪತ್ತಿನಲ್ಲಿ 1951ರಲ್ಲಿ ಶುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ ದಿನ 2020ರ ಜೂನ್ 3. ಅದು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ವಿಶ್ವ ಸೈಕಲ್ ದಿನ! 2001ರಿಂದ 2011ರ ಜನಗಣತಿಗಳ ನಡುವೆ ಸೈಕಲ್ ಇರುವ ಮನೆಗಳ ಪ್ರಮಾಣ ಶೇಕಡ 43.7ರಿಂದ 44.8ಕ್ಕೆ ತೆವಳಿತು, ಮೋಟಾರು ದ್ವಿಚಕ್ರ ವಾಹನವಿರುವ ಮನೆಗಳದು 11.7ರಿಂದ 21ಕ್ಕೆ ಜಿಗಿಯಿತು.

ವಿದ್ಯಾರ್ಥಿ ಮಿತ್ರರಿಗೆ ಇನ್ನೊಂದು ಮಾತು. ನಗರಗಳಲ್ಲಿ ಫಿಕ್ಸೆಡ್ ಗಿಯರಿನ ಸೈಕಲ್ ಒಂದು ಶೋಕಿಯಾಗಿ ಬಂದಿದೆ. ಅದರಲ್ಲಿ ಫ್ರೀವೀಲ್ ಇರುವುದಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಜಪಾನಿನಲ್ಲಿ 1948ರಿಂದ ನಡೆಯುತ್ತಿರುವ ಕೇರಿನ್ ಪಂದ್ಯಗಳ ಸೈಕಲ್ಲುಗಳು ಇಂಥವು, ಅವಕ್ಕೆ ಬ್ರೇಕೂ ಇರುವುದಿಲ್ಲ. ನ್ಯೂಯಾರ್ಕಿನಲ್ಲಿ ಲಕೋಟೆ ಮುಟ್ಟಿಸುವ ಹುಡುಗರಿಂದ ಈ ಗೀಳು ಬೇರೆಡೆಗೆ ಹಬ್ಬಿತು. ಇದರ ಸೊಗಸನ್ನು ಅಲ್ಲಗಳೆಯಬೇಕಾಗಿಲ್ಲ. ದಾರಿಯ ಪ್ರತಿ ತಗ್ಗುದಿಣ್ಣೆಯೂ ಕಾಲಿಗೆ ತಿಳಿಯುತ್ತದೆ. ಜಾರುವ ದಾರಿಯಲ್ಲಿ ಕಾಲನ್ನು ತಡೆದೇ ವೇಗ ತಗ್ಗಿಸಬಹುದು. ಯಂತ್ರ ಬೇರೆ, ದೇಹ ಬೇರೆ ಎಂಬ ಭಾವ ಅಳಿಯುತ್ತದೆ. ಸಮತಟ್ಟಿನಲ್ಲಿ ಅದನ್ನು ತುಳಿದವರು ಮತ್ತೆ ಅದನ್ನೇ ಬಯಸುವುದು ಸುಳ್ಳಲ್ಲ.

ಆದರೆ ಬ್ರೇಕಿಲ್ಲದ ಫಿಕ್ಸೆಡ್ ಗಿಯರ್ ಘಟ್ಟದಲ್ಲಿ ಆತ್ಮಹತ್ಯೆ. ಐದೂವರೆ ಮೀಟರಿನ ಗಿಯರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದರೆ ಕಾಲು ನಿಮಿಷಕ್ಕೆ 92 ಸುತ್ತು ತಿರುಗುತ್ತದೆ. 45 ಕಿಲೋಮೀಟರಿಗೆ 137 ಸುತ್ತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಕಾಲಿನ ಹಿಡಿತ ಒಮ್ಮೆ ತಪ್ಪಿದರೆ ಮುಂದೆ ಕಣಿವೆಯೇ. ಕೆಲವರು ಸಾದಾ ಸೈಕಲ್ಲಿನ ಫ್ರೀವೀಲನ್ನೇ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿ ಇದನ್ನು ಮಾಡಬಹುದೆಂದು ತಿಳಿಯುತ್ತಾರೆ. ಮಾಡಬಾರದು. ಫಿಕ್ಸೆಡ್ ಗಿಯರಿಗಾಗಿಯೇ ತಯಾರಿಸಿದ ಹಬ್ಬಿನಲ್ಲಿ ಹಲ್ಲಿನ ಚಕ್ರವನ್ನು ಹಿಡಿದಿಡಲು ವಿರುದ್ಧ ಮರೆಯ ಇನ್ನೊಂದು ಬಳೆಯಿರುತ್ತದೆ. ಸಾದಾ ಹಬ್ಬಿನಲ್ಲಿ ಅದಿಲ್ಲ. ಇಳಿಜಾರಿನಲ್ಲಿ ಕಾಲನ್ನು ಹಿಂದಕ್ಕೆ ಒತ್ತಿದಾಗ ಬೆಸೆದ ಫ್ರೀವೀಲು ಹಬ್ಬಿನಿಂದಲೇ ಬಿಚ್ಚಿಕೊಳ್ಳಬಹುದು. ಶೋಕಿಗಾಗಿ ಬ್ರೇಕು ಕಿತ್ತೆಸೆಯುವವರು ಸರಳತೆಯ ಹೆಸರನ್ನು ಹೇಳದಿರುವುದು ಒಳ್ಳೆಯದು. ಸರಳವಾದ ಯಂತ್ರವೆಂದರೆ ಬೇಡವಾದದ್ದು ಇಲ್ಲದ ಯಂತ್ರ, ಬ್ರೇಕು ಬೇಡವಾದದ್ದಲ್ಲ.

ಆದುದರಿಂದ ಅಟ್ಟದ ಮೇಲಿನ ಸೈಕಲ್ಲನ್ನು ಗುಜರಿಗೆ ಕೊಡುವ ಮೊದಲು ಕೆಳಗಿಳಿಸಿ ನೋಡಿ. ಚೌಕಟ್ಟು ಬಿರಿದಿಲ್ಲದಿದ್ದರೆ, ರಿಮ್ಮನ್ನು ತುಕ್ಕು ತಿಂದು ತೂತು ಮಾಡಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಾಗುವಂಥದ್ದು. ಹಳೆಯ ಸೈಕಲ್ಲಿನ ಸರಳು ಬ್ರೇಕು ಕ್ರೋಮ್ ಲೇಪದ ರಿಮ್ಮಿನ ಮೇಲೆ ಮಳೆಯಲ್ಲಿ ಜಾರುತ್ತದೆ. ರಬ್ಬರುಗಳನ್ನು ಎರಡೂ ಕಡೆ ಹೊಸದಾಗಿ ಹಾಕಿಸಿ, ಇಳಿಜಾರಿನ ತಲೆಯಲ್ಲೇ ಬ್ರೇಕು ಹಿಡಿದು ರಿಮ್ಮಿನ ನೀರನ್ನು ಒರೆಸಿಕೊಂಡು ಇಳಿಯಿರಿ, ತೀರ ಕಡಿದಾದಲ್ಲಿ ಇಳಿದು ನಡೆಯಿರಿ. ಫ್ರೀವೀಲ್ ಬದಲಾಯಿಸುವಾಗ ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗುತ್ತದೆ, ಅಂಗಡಿಯವರಿಗೆ ಮೊದಲೇ ಹೇಳಿ. ಜೂನ್ ಮೊದಲ ವಾರದಲ್ಲಿ ಸೈಕಲ್ ಶಾಪಿನವರಿಗೆ ಶಾಲೆಯ ಮಕ್ಕಳ ಪಂಕ್ಚರು ಹಾಕಲೇ ಪುರುಸೊತ್ತು ಇರುವುದಿಲ್ಲ. ಈ ಕೆಲಸ ಮೇ ತಿಂಗಳಲ್ಲೇ ಆಗಲಿ.